ಸ್ಪ್ಯಾನಿಷ್‌ನ ಸೆರ್–ಎಸ್ತಾರ್, ಪೋರ್–ಪಾರಾ: ಕಲಿತವರು ದಾರಿ ಹೇಳಿ

ಪ್ರಶ್ನೆ, ಗೌರಿಬಿದನೂರಿನಿಂದ:
ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಪದಗಳು ಬರುತ್ತವೆ. ಆದರೆ ಇಂಗ್ಲಿಷ್‌ನ ‘ಆಮ್, ಈಸ್’ ಬರೋ ಕಡೆ ‘ಸೆರ್’ ಹಾಕಬೇಕೋ ‘ಎಸ್ತಾರ್’ ಹಾಕಬೇಕೋ, ‘ಫಾರ್’ ಬರೋ ಕಡೆ ‘ಪೋರ್’ ಅನ್ನಬೇಕೋ ‘ಪಾರಾ’ ಅನ್ನಬೇಕೋ ಅನ್ನೋ ಕಡೆ ಪ್ರತಿಸಲ ಎಡವಟ್ಟು. ಹೇಗೆ ಸರಿಮಾಡಿಕೊಳ್ಳೋದು?

ತುಮಕೂರು:
ಮೊದಲು ನಡುವೆ ಇರೋ ಇಂಗ್ಲಿಷ್ ಅನ್ನು ಪಕ್ಕಕ್ಕಿಡಿ, ಕನ್ನಡದಿಂದಲೇ ನೇರವಾಗಿ ಹೋಗಿ. ‘ಐ ಲೈಕ್’ ತಲೆಯಲ್ಲಿದ್ದರೆ ‘ನಾನು’ ಅಂತ ಶುರುಮಾಡಿ ಕೆಡಿಸ್ತೀರಿ. ‘ಮೆ ಗುಸ್ತಾ’ ಅಂದರೆ ನಮ್ಮ ‘ನನಗೆ ಹಿಡಿಸುತ್ತೆ’. ‘ಇಷ್ಟ’ ಇಟ್ಟುಕೊಳ್ಳಬೇಡಿ, ಅದು ಒಂದಕ್ಕೂ ಹತ್ತಕ್ಕೂ ಹಾಗೇ ಇರುತ್ತೆ. ಕಾಫಿ ಹಿಡಿಸುತ್ತದೆ: ಗುಸ್ತಾ. ಮಾವಿನಹಣ್ಣುಗಳು ಹಿಡಿಸುತ್ತವೆ: ಗುಸ್ತಾನ್. ‘ನನಗೆ ತಲೆ ನೋಯುತ್ತೆ’ ಕೂಡ ಹೀಗೇ, ‘ಮೆ ದುಎಲೆ ಲಾ ಕಬೇಸಾ’.

ಕೋಲಾರ:
ಮನೇಲಿ ತೆಲುಗು ಮಾತಾಡೋರಿಗೂ ಇದೇ ದಾರಿ, ‘ನಾಕು’ ಅಂತ ಶುರುಮಾಡಿದರೆ ಆಯ್ತು. ಆದರೆ ಹುಷಾರು, ಹಸಿವು, ಬಾಯಾರಿಕೆ, ನಿದ್ದೆ, ಭಯ ಇಲ್ಲಿಗೆ ಸೇರಲ್ಲ. ಅವಕ್ಕೆಲ್ಲ ‘ನನ್ನ ಹತ್ತಿರ ಇದೆ’ ಅನ್ನೋ ‘ತೆಂಗೊ’: ತೆಂಗೊ ಆಂಬ್ರೆ, ತೆಂಗೊ ಸೆದ್.

ಪೋರ್–ಪಾರಾಗೆ ನಮ್ಮ ಟೊಮ್ಯಾಟೊ ಮಂಡಿ ಮಾತು ಸಾಕು. ‘ಈ ಲೋಡು ಚೆನ್ನೈಗೆ’, ‘ಸೋಮವಾರಕ್ಕೆ ಬೇಕು’, ‘ಸಾಸ್ ಮಾಡೋದಕ್ಕೆ’: ತಲುಪೋ ಜಾಗ, ಗಡುವು, ಉದ್ದೇಶ, ಮೂರಕ್ಕೂ ಪಾರಾ. ‘ಬಾಕ್ಸು 300ಕ್ಕೆ ಹೋಯ್ತು’ ಅಂದಾಗ ಮಾತ್ರ ಅದೇ ‘ಕ್ಕೆ’ ಪೋರ್ ಆಗುತ್ತೆ, ಯಾಕಂದ್ರೆ ಅಲ್ಲಿರೋದು ಅದಲುಬದಲು. ದರಕ್ಕೂ ಪೋರ್: ಗಂಟೆಗೆ 100 ಕಿಲೋಮೀಟರ್, ‘ಪೋರ್ ಓರಾ’. ‘ಮಳೆಯಿಂದ ಲೇಟಾಯ್ತು’ ಅನ್ನೋ ಕಾರಣದ ‘ಇಂದ’ವೂ ಪೋರ್. ‘ಊರಿಂದ ಬಂದೆ’ ಅನ್ನೋ ‘ಇಂದ’ ಮಾತ್ರ ‘ದೆ’. ‘ಅಮ್ಮನಿಗೋಸ್ಕರ’ದಲ್ಲಿ ತುಂಬಾ ಜನ ಸಿಕ್ಕಿಹಾಕಿಕೊಳ್ತಾರೆ: ಅಮ್ಮನ ಕೈಗೆ ಸೇರೋದಾದರೆ ಪಾರಾ, ಅಮ್ಮನ ಸಲುವಾಗಿ ಮಾಡಿದ್ದಾದರೆ ಪೋರ್.

ಶಿರಾ:
ಸೆರ್–ಎಸ್ತಾರ್‌ಗೆ ಪುಸ್ತಕದಲ್ಲಿ ‘ಶಾಶ್ವತ, ತಾತ್ಕಾಲಿಕ’ ಅಂತ ಕೊಟ್ಟಿರುತ್ತಾರೆ. ದಯವಿಟ್ಟು ಅದನ್ನು ಬಿಡಿ. ಸತ್ತವನು ಮತ್ತೆ ಏಳಲ್ಲ, ಆದರೂ ‘ಎಸ್ತಾ ಮುಎರ್ತೊ’. ‘ಸತ್ತಿದ್ದಾನೆ’, ‘ಬಾಗಿಲು ತೆರೆದಿದೆ’, ‘ಸುಸ್ತಾಗಿದ್ದೀನಿ’: ಏನೋ ಆಗಿ ಈಗ ಇರೋ ಸ್ಥಿತಿ ಅಂದರೆ ಎಸ್ತಾರ್. ‘ನಾನು ಟೀಚರ್’ ಥರ ‘ಇದ್ದೀನಿ’ ಬೇಡವಾದ ಕಡೆ ಸೆರ್. ಗುಣವಾಚಕದಲ್ಲಿ ಈ ಅಳತೆ ಕೈಕೊಡುತ್ತೆ: ‘ಎತ್ತರ ಇದ್ದಾಳೆ’ ಅಂತೀವಿ, ಸ್ಪ್ಯಾನಿಷ್‌ನಲ್ಲಿ ‘ಎಸ್ ಆಲ್ತಾ’, ಸೆರ್.

ಜಾಗಕ್ಕೆ ಎಸ್ತಾರ್: ಸಿದ್ಧಗಂಗೆ ಮಠ ತುಮಕೂರಿನ ಹತ್ತಿರ ಇದೆ. ಜಾತ್ರೆ ಸಿದ್ಧಗಂಗೆಯಲ್ಲಿ ಅಂದಾಗ ಸೆರ್. ‘ನಡೆಯುತ್ತೆ’ ಅಂತ ಹಾಕಿ ನೋಡಿ, ಹೊಂದಿದರೆ ಸೆರ್.

ಚಿಂತಾಮಣಿ:
ಸ್ಪ್ಯಾನಿಷ್‌ನಲ್ಲಿ ಮನುಷ್ಯರು ಕರ್ಮಪದವಾದಾಗ ಅವರ ಮುಂಚೆ ಹಾಕೋ ‘ಆ’ ಅನ್ನೋ ಪದಕ್ಕೆ ಇಂಗ್ಲಿಷ್‌ನವರು ಒದ್ದಾಡ್ತಾರೆ, ನಮಗೆ ಅದು ಬಾಯಲ್ಲೇ ಇದೆ. ‘ಡಾಕ್ಟರ್ ಹುಡುಕ್ತಿದ್ದೀನಿ’ (ಯಾರಾದರೂ ಸರಿ): ಬುಸ್ಕೊ ಉನ್ ಮೆದಿಕೊ. ‘ಒಬ್ಬ ಡಾಕ್ಟರನ್ನ ಹುಡುಕ್ತಿದ್ದೀನಿ’ (ಇಂಥವರೇ): ಬುಸ್ಕೊ ಆ ಉನ್ ಮೆದಿಕೊ. ನಮ್ಮ ‘ಅನ್ನು’ ಮನುಷ್ಯರ ಮೇಲೆ ಬಂದರೆ ಅವರ ‘ಆ’ ಬರುತ್ತೆ. ಮನೆ, ಪುಸ್ತಕಕ್ಕೆ ಬೇಡ. ‘ತೆನೆರ್’ (‘ತೆಂಗೊ’ದ ಮೂಲರೂಪ) ಜೊತೆ ಈ ‘ಆ’ ಸಾಮಾನ್ಯವಾಗಿ ಬರಲ್ಲ: ಇಬ್ಬರು ಅಣ್ಣಂದಿರಿದ್ದಾರೆ, ತೆಂಗೊ ದೋಸ್ ಎರ್ಮಾನೊಸ್.

ಪ್ರಶ್ನೆ ಕೇಳಿದವರು:
‘ಸಬೆರ್’, ‘ಕೊನೊಸೆರ್’ ಎರಡೂ ‘ಗೊತ್ತು’ ಅಲ್ವಾ?

ತುಮಕೂರು:
ವಿಷಯ, ವಿದ್ಯೆ ಗೊತ್ತಿದ್ದರೆ ಸಬೆರ್. ಜನ, ಊರಿನ ಪರಿಚಯ ಇದ್ದರೆ ಕೊನೊಸೆರ್. ಮುಗಿದ ಭೂತಕಾಲದಲ್ಲಿ ಸಾಮಾನ್ಯವಾಗಿ ‘ಸೂಪೆ’ ಅಂದರೆ ತಿಳೀತು, ‘ಕೊನೊಸೀ’ ಅಂದರೆ ಪರಿಚಯವಾಯ್ತು.

ಕೋಲಾರ:
ಒಂದು ಮಾತು ಬಿಟ್ಟಿದ್ದೆ. ಕ್ರಿಯಾಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದರ ಹಿಂದೆ ಬರೋ ಪುಟ್ಟ ಪದದ, ಅಂದರೆ ಬಾಲದ ಸಮೇತ ಬರೆಯಿರಿ: ಪೆನ್ಸಾರ್ ಎನ್ (ಯೋಚಿಸು), ಸೊನ್ಯಾರ್ ಕೊನ್ (ಕನಸು ಕಾಣು), ದೆಪೆಂದೆರ್ ದೆ (ಅವಲಂಬಿಸು). ಈ ಮೂರಕ್ಕೆ ಕನ್ನಡವೂ ಸಹಾಯ ಮಾಡಲ್ಲ, ಬಾಯಿಪಾಠವೇ ಗತಿ. ಬುಸ್ಕಾರ್ (ಹುಡುಕು), ಎಸ್ಪೆರಾರ್ (ಕಾಯು), ಪೆದಿರ್‌ಗೆ (ಕೇಳಿಕೊಳ್ಳು) ಮನುಷ್ಯರ ಆ ‘ಆ’ ಬಿಟ್ಟರೆ ಬಾಲವೇ ಇಲ್ಲ. ‘ಬಸ್ ಕಾಯ್ತಿದ್ದೀನಿ’ ಅಂತ ನೆನೆದು ‘ಎಸ್ಪೆರೊ ಎಲ್ ಆವ್ತೊಬೂಸ್’ ಅನ್ನಿ, ಇಂಗ್ಲಿಷ್‌ನ ‘ಫಾರ್’ ತಾನಾಗೇ ಉದುರಿಹೋಗುತ್ತೆ.