ಬಾಡಿಗೆ ಆದಾಯಕ್ಕೆಂದು ಮೊದಲ ಫ್ಲ್ಯಾಟ್: ನನ್ನ ಲೆಕ್ಕ ಸರಿಯಿದೆಯೇ?

ತಿಪಟೂರಿನವನು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಹನ್ನೊಂದು ವರ್ಷಗಳಿಂದ ನೌಕರಿಯಲ್ಲಿದ್ದೇನೆ. ವಾಸಕ್ಕೆ ತಂದೆಯವರು ಕಟ್ಟಿಸಿದ ಮನೆಯೇ ಇರುವುದರಿಂದ, ಕೂಡಿಟ್ಟಿರುವ ₹18 ಲಕ್ಷವನ್ನು ಬಾಡಿಗೆ ತರುವ ಆಸ್ತಿಯೊಂದರ ಮೇಲೆ ಹಾಕಬೇಕೆಂದುಕೊಂಡಿದ್ದೇನೆ. ಮಹದೇವಪುರದ ಕಡೆ ಎಂಟು ವರ್ಷ ಹಳೆಯದಾದ ಎರಡು ಕೋಣೆಗಳ ಫ್ಲ್ಯಾಟೊಂದು ₹60 ಲಕ್ಷಕ್ಕೆ ಸಿಗುವಂತಿದೆ. ತಿಂಗಳಿಗೆ ಇಪ್ಪತ್ತು ಸಾವಿರ ಬಾಡಿಗೆಗೆ ಮೋಸವಿಲ್ಲ ಎಂದು ಬ್ರೋಕರ್ ಹೇಳುತ್ತಾರೆ. ಉಳಿದ ಹಣಕ್ಕೆ ಗೃಹಸಾಲ ಮಾಡಿ, ಕಂತಿನ ಅರ್ಧವನ್ನು ಬಾಡಿಗೆಯಿಂದಲೂ ಇನ್ನರ್ಧವನ್ನು ಸಂಬಳದಿಂದಲೂ ಕಟ್ಟುವುದು ನನ್ನ ಯೋಚನೆ. ಬಾಡಿಗೆಯ ಗೋಜೇ ಬೇಡ, ಲೀಸ್‌ಗೆ ಕೊಟ್ಟು (ಅಂದರೆ ತಿಂಗಳ ಬಾಡಿಗೆಯ ಬದಲು, ಗಡುವು ಮುಗಿದಾಗ ಹಿಂದಿರುಗಿಸಬೇಕಾದ ದೊಡ್ಡ ಮೊತ್ತವನ್ನು ಒಮ್ಮೆಗೇ ಪಡೆದು) ಬಂದ ದುಡ್ಡನ್ನು ಸಾಲಕ್ಕೆ ಕಟ್ಟಿಬಿಡಿ ಎಂಬುದು ನನ್ನ ಭಾವಮೈದುನರ ಸಲಹೆ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಎರಡು ಮನೆ, ನೂರು ಚಿಂತೆ:
ನಿಮ್ಮ ಲೆಕ್ಕದಲ್ಲಿ ಮೊದಲು ಬಿಟ್ಟುಹೋಗಿರುವುದು ನೋಂದಣಿಯ ಖರ್ಚು. ಬೆಂಗಳೂರಿನಲ್ಲಿ ₹45 ಲಕ್ಷ ಮೀರಿದ ಆಸ್ತಿಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲವೂ ಸೇರಿ ಶೇ 7.6 ಆಗುತ್ತದೆ, ಅಂದರೆ ನಿಮಗೆ ₹4.56 ಲಕ್ಷ. ₹30 ಲಕ್ಷದಿಂದ ₹75 ಲಕ್ಷದವರೆಗಿನ ಗೃಹಸಾಲವನ್ನು ಬ್ಯಾಂಕುಗಳು ಆಸ್ತಿಯ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಮತ್ತು ಆ ಬೆಲೆಯಲ್ಲಿ ನೋಂದಣಿಯ ಖರ್ಚನ್ನು ಸೇರಿಸುವಂತಿಲ್ಲ. ಹಾಗಾಗಿ ₹12 ಲಕ್ಷ ಮತ್ತು ಈ ₹4.56 ಲಕ್ಷ ನಿಮ್ಮ ಕೈಯಿಂದಲೇ ಹೋಗಬೇಕು. ಮಿಕ್ಕುವ ₹1.44 ಲಕ್ಷದಲ್ಲಿ ಸುಣ್ಣಬಣ್ಣ, ಗೀಸರ್, ಸೊಳ್ಳೆಪರದೆ, ತುಕ್ಕು ಹಿಡಿದ ನಲ್ಲಿಗಳ ಬದಲಾವಣೆ ಮುಗಿಯುವಷ್ಟರಲ್ಲಿ ಜೇಬು ಖಾಲಿಯಾಗಿರುತ್ತದೆ.

₹48 ಲಕ್ಷ ಸಾಲಕ್ಕೆ ಶೇ 8.5 ಬಡ್ಡಿಯಂತೆ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು ₹41,650 ಬರುತ್ತದೆ. ಬಾಡಿಗೆ ಬಂದ ತಿಂಗಳಲ್ಲೂ ₹21,000ಕ್ಕೂ ಹೆಚ್ಚನ್ನು ನೀವು ಸಂಬಳದಿಂದ ತುಂಬಬೇಕು. ಮನೆ ಖಾಲಿ ಬಿದ್ದ ತಿಂಗಳಲ್ಲಿ ಪೂರ್ತಿ ಕಂತಿನ ಜೊತೆಗೆ ಅಸೋಸಿಯೇಷನ್ನಿನ ಮೇಂಟೆನೆನ್ಸ್ ಕೂಡ ನಿಮ್ಮದೇ. ವರ್ಷಕ್ಕೆ ಒಂದು ತಿಂಗಳು ಖಾಲಿ ಎಂದು ಹಿಡಿದು, ಆಸ್ತಿ ತೆರಿಗೆ ಮತ್ತು ರಿಪೇರಿಗೆ ₹28,000 ತೆಗೆದಿಟ್ಟರೆ ಕೈಗೆ ಬರುವುದು ₹1.92 ಲಕ್ಷ. ಹಾಕಿದ ₹64.56 ಲಕ್ಷಕ್ಕೆ ಅದು ನೂರಕ್ಕೆ ಮೂರೂ ಆಗುವುದಿಲ್ಲ. ನನ್ನ ಎರಡನೆಯ ಮನೆಯನ್ನು ಹೀಗೆ ಕಾಗದದ ಮೇಲೆ ಲೆಕ್ಕ ಹಾಕದೆ ಕೊಂಡವನು ನಾನು. ಅದಕ್ಕೇ ಈ ಹೆಸರು.

ತೆರಿಗೆ ಉಳಿತಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ಆದಾಯ ತೆರಿಗೆಯ ಹಳೆಯ, ಹೊಸ ಪದ್ಧತಿಗಳಲ್ಲಿ ಯಾವುದರಲ್ಲಿ ಎಂದು ಕೇಳಿ. ಹಳೆಯ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ನಷ್ಟವನ್ನು (ಬಾಡಿಗೆ ಆದಾಯವನ್ನು ಮೀರಿದ ಸಾಲದ ಬಡ್ಡಿಯನ್ನು) ವರ್ಷಕ್ಕೆ ₹2 ಲಕ್ಷದವರೆಗೆ ಸಂಬಳದಿಂದ ಕಳೆದುಕೊಳ್ಳಬಹುದು. ಹೊಸ ಪದ್ಧತಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಬಾಡಿಗೆ ಆದಾಯದಲ್ಲಿ ಸಿಗುವ ಶೇ 30ರ ಕಡಿತ ಮತ್ತು ಸಾಲದ ಬಡ್ಡಿಯಿಂದ ಬಾಡಿಗೆಯ ಮೇಲಿನ ತೆರಿಗೆ ತಪ್ಪುತ್ತದೆ, ಅಷ್ಟೆ.

ಮೂಲಪತ್ರ:
ಹಣದ ಮಾತನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಕಾಗದಪತ್ರಗಳ ಬಗ್ಗೆ ಹೇಳುತ್ತೇನೆ. ಟೋಕನ್ ಮುಂಗಡ ಕೊಡುವ ಮೊದಲು ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಮೂವತ್ತು ವರ್ಷಗಳ ಇ.ಸಿ. (ಆಸ್ತಿಯ ಹಿಂದಿನ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ), ಮಾರುವವರ ಕ್ರಯಪತ್ರ, ಕಟ್ಟಡದ ಓ.ಸಿ. (ವಾಸಕ್ಕೆ ಅನುಮತಿ ನೀಡುವ ಸ್ವಾಧೀನಾನುಭವ ಪತ್ರ) ಇವಿಷ್ಟರ ಪ್ರತಿಗಳನ್ನು ತರಿಸಿಕೊಂಡು ವಕೀಲರಿಗೆ ತೋರಿಸಿ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಓ.ಸಿ. ನೋಡಿಯೇ ಸಾಲ ಮತ್ತು ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿರುವುದರಿಂದ, "ಅಕ್ಕಪಕ್ಕದ ಯಾವ ಕಟ್ಟಡಕ್ಕೂ ಇಲ್ಲ ಸಾರ್" ಎಂಬ ಸಮಾಧಾನವನ್ನು ಈಗ ಒಪ್ಪಬಾರದು. ಬಾಡಿಗೆ ಕರಾರನ್ನು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಯುವುದೇಕೆಂದರೆ, ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾಗುತ್ತದೆ.

ಗಿರಿನಗರದ ಅಕ್ಕ:
ಲೀಸ್ ಬಗ್ಗೆ ನಾನು ಹೇಳಲೇಬೇಕು. ಏಳು ವರ್ಷಗಳ ಹಿಂದೆ ನಮ್ಮ ಮೇಲಿನ ಮನೆಯನ್ನು ₹9 ಲಕ್ಷಕ್ಕೆ ಮೂರು ವರ್ಷ ಲೀಸ್‌ಗೆ ಕೊಟ್ಟು, ಆ ಹಣವನ್ನು ಪೂರ್ತಿ ಸಾಲಕ್ಕೆ ಕಟ್ಟಿದೆವು. ಮೂರು ವರ್ಷ ಬಡ್ಡಿ ಉಳಿಯಿತೆಂದು ಬೀಗಿದ್ದೂ ಆಯಿತು. ಗಡುವು ಮುಗಿದಾಗ ಅವರು ಊರಿಗೆ ಹೊರಟು ನಿಂತರು, ಅಷ್ಟೇ ಹಣ ಕೊಡುವ ಹೊಸಬರು ಸಿಗಲಿಲ್ಲ, ಕೊನೆಗೆ ನನ್ನ ಬಳೆಗಳನ್ನು ಅಡವಿಟ್ಟು ಹಿಂದಿರುಗಿಸಿದೆವು. ಬಾಡಿಗೆಯ ಅಡ್ವಾನ್ಸೂ ಅಷ್ಟೆ, ಒಂದು ದಿನ ವಾಪಸ್ಸು ಕೊಡಬೇಕಾದ ದುಡ್ಡು; ಅದನ್ನು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಡಿ. ಮೇಲಾಗಿ ನಿಮ್ಮ ಫ್ಲ್ಯಾಟ್ ಬ್ಯಾಂಕಿಗೆ ಅಡಮಾನವಾಗಿರುತ್ತದೆ. ಅದನ್ನು ಮುಚ್ಚಿಟ್ಟು ಇನ್ನೊಬ್ಬರಿಂದ ಲಕ್ಷಗಟ್ಟಲೆ ಪಡೆಯುವುದು ಸರಿಯಲ್ಲ, ತಿಳಿದವರು ಕೊಡುವುದೂ ಇಲ್ಲ.

ಇನ್ನೊಂದು ಮಾತು. ಆ ಕಡೆ ಫ್ಲ್ಯಾಟ್ ನೋಡುವಾಗ ನೀರಿನ ಬಗ್ಗೆ ಬ್ರೋಕರ್‌ನನ್ನು ಕೇಳಬೇಡಿ, ವಾಚ್‌ಮನ್‌ನನ್ನು ಕೇಳಿ. ನಗರಕ್ಕೆ ಸೇರಿದ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆಯಾದರೂ, ಆ ಕಟ್ಟಡ ಸಂಪರ್ಕ ಪಡೆದಿದೆಯೇ ಎಂಬುದೇ ಬೇರೆ ವಿಷಯ. ನೀರಿಲ್ಲದ ಮನೆಯಲ್ಲಿ ಬಾಡಿಗೆದಾರರು ನಿಲ್ಲುವುದಿಲ್ಲ.

ತಿಪಟೂರಿನವನು:
ಎಲ್ಲರಿಗೂ ಧನ್ಯವಾದಗಳು. ಅಕ್ಕ ಹೇಳಿದಂತೆ ಶನಿವಾರ ಬೆಳಿಗ್ಗೆ ಒಬ್ಬನೇ ಹೋಗಿದ್ದೆ. ಏಪ್ರಿಲ್‌ನಲ್ಲಿ ದಿನಕ್ಕೆ ನಾಲ್ಕು ಟ್ಯಾಂಕರ್ ಬರುತ್ತವೆಂದು ವಾಚ್‌ಮನ್ ಹೇಳಿದರು. ಸಂಪಿನ ಪಕ್ಕದ ನೆಲವೆಲ್ಲ ಟೈರಿನ ಗುರುತುಗಳಿಂದ ಕಿತ್ತುಹೋಗಿತ್ತು. ಅದೇ ಮಹಡಿಯ ಬಾಡಿಗೆದಾರರೊಬ್ಬರು ತಾವು ಕೊಡುತ್ತಿರುವುದು ₹17,500 ಎಂದರು. ಆ ಅಂಕಿಯನ್ನಿಟ್ಟು ಮತ್ತೆ ಲೆಕ್ಕ ಹಾಕಿದರೆ ತಿಂಗಳಿಗೆ ₹24,000ಕ್ಕೂ ಹೆಚ್ಚು ಕೈಯಿಂದ ಹಾಕಬೇಕಾಗುತ್ತದೆ. ಲೀಸ್ ಯೋಚನೆಯನ್ನು ಭಾವಮೈದುನರಿಗೆ ತಿಳಿಸಿಯೇ ಕೈಬಿಟ್ಟಿದ್ದೇನೆ. ಓ.ಸಿ. ಪ್ರತಿಯನ್ನು ಸೋಮವಾರ ಕಳಿಸುತ್ತೇನೆಂದಿದ್ದ ಬ್ರೋಕರ್, ಇಂದು ಗುರುವಾರವಾದರೂ ಫೋನ್ ತೆಗೆಯುತ್ತಿಲ್ಲ.