ಸಹಾಯ ಬೇಕು: ಸಭೆಯಲ್ಲಿ ಬಾಯಿ ಬಿಡದವರನ್ನ ಮಾತಾಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಸಂಘದ ಸಭೆಯಲ್ಲಿ ಮಾತಾಡೋದು ಯಾವಾಗಲೂ ಅದೇ ನಾಲ್ಕು ಜನ. ಮನೆಕೆಲಸದವರು, ಬಾಡಿಗೆಯವರು ಗೋಡೆಗೆ ಒರಗಿ ನಿಂತು, ಕೈ ಅರ್ಧ ಎತ್ತಿ, ಮತ್ತೆ ಇಳಿಸಿ ಹೊರಟುಬಿಡ್ತಾರೆ. ಈ ಸಲ ಭಾಷಣ ಬಿಟ್ಟು ಫೋರಂ ಥಿಯೇಟರ್ ಮಾಡೋಣ ಅಂತಿದ್ದೀನಿ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋವಾಲ್ ರೂಪಿಸಿದ್ದು: ಅನ್ಯಾಯದ ಒಂದು ದೃಶ್ಯ ಆಡ್ತಾರೆ, ನೋಡೋರಲ್ಲಿ ಯಾರಾದ್ರೂ 'ನಿಲ್ಲಿಸಿ' ಅಂತ ಎದ್ದುಬಂದು, ನೊಂದ ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ಆಡಿ ತೋರಿಸ್ತಾರೆ. 1993ರಿಂದ 1996ರವರೆಗೆ ರಿಯೊ ನಗರಸಭೆ ಸದಸ್ಯರಾಗಿದ್ದಾಗ ಅವರು ಹೀಗೇ ಜನರಿಂದ ಕಾನೂನಿನ ಪ್ರಸ್ತಾವಗಳನ್ನೂ ಪಡೆದರು!

ನನ್ನ ಅಳುಕು ಒಂದೇ. ಮನೆಕೆಲಸದವರು ಮನೆ ಯಜಮಾನರ ಎದುರೇ ಆಡಿದರೆ ಮಾರನೇ ದಿನ ಅವರ ಕೆಲಸಕ್ಕೇ ಕುತ್ತು ಬಂದರೆ? ಮಾಡಿಸಿ ಗೊತ್ತಿರೋರು ಹೇಳಿ, ಮೊದಲು ಅವರಷ್ಟೇ ಇರೋ ಗುಂಪಲ್ಲಿ ಆಡಿಸೋದಾ? ನಡೆಸಿಕೊಡೋರಿಗೆ ಏನು ತಯಾರಿ ಬೇಕು?