ಕರ್ನಾಟಕ ಕಲಿಸೋಕೆ ಮೊದಲು ನೆಲದ ಏರಿಳಿತ

ಅಕ್ಕಾ, ಏಳು ಮತ್ತು ಒಂಬತ್ತು ವರ್ಷದ ಮಕ್ಕಳಿಗೆ 31 ಜಿಲ್ಲೆ ಬಾಯಿಪಾಠ ಮಾಡಿಸ್ತಿದ್ದೀನಿ, ತಲೇಲಿ ನಿಲ್ತಿಲ್ಲ ಅಂದ್ರಲ್ಲ, ನಿಲ್ಲಲ್ಲ. ಜಿಲ್ಲೆ ಕೊನೆಗಿರಲಿ. ಮೊದಲು ನೆಲದ ಏರಿಳಿತ ಕೈಗೆ ಸಿಗಬೇಕು, ಅದಕ್ಕೆ ಉಪ್ಪು-ಹಿಟ್ಟಿನ ಉಬ್ಬು ನಕ್ಷೆ ಮಾಡಿ.

ಎರಡು ರಟ್ಟು ತಗೊಳ್ಳಿ, ಒಂದರ ಒಳಗಿನ ಏಣುಗೆರೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರೋ ಹಾಗೆ ಅಂಟಿಸಿ. ಒಂದೇ ರಟ್ಟಾದ್ರೆ ಹಿಟ್ಟಿನ ತೇವಕ್ಕೆ ಬಾಗುತ್ತೆ. ಅದರ ಮೇಲೆ ರಾಜ್ಯದ ಗಡಿ, 50 ಸೆಂ.ಮೀ. ಉದ್ದಕ್ಕೆ. ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ನೀರು ಮುಕ್ಕಾಲು ಕಪ್ಪಿನಷ್ಟು, ಆದರೆ ಸ್ವಲ್ಪಸ್ವಲ್ಪವೇ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಲಿ, ನೀರು ಹೆಚ್ಚಾದ್ರೆ ಒಣಗುವಾಗ ಬಿರುಕು ಬಿಡುತ್ತೆ.

ಇಲ್ಲೇ ಎಲ್ಲರೂ ಎಡವೋದು: ಎತ್ತರದ ಅಳತೆ. ನಿಜವಾದ ಪ್ರಮಾಣದಲ್ಲಿ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಒಂದೂಕಾಲು ಮಿ.ಮೀ. ಅಷ್ಟೇ, ಕಣ್ಣಿಗೇ ಕಾಣಲ್ಲ. ಅದಕ್ಕೆ ಎತ್ತರವನ್ನ ಹತ್ತುಪಟ್ಟು ಹೆಚ್ಚಿಸಿ, ಮಕ್ಕಳಿಗೂ ಹೇಳಿಬಿಡಿ. ಶಿಖರ 13 ಮಿ.ಮೀ., ಬೆಂಗಳೂರು 6, ರಾಯಚೂರು 3 ಮಿ.ಮೀ.ಗಿಂತ ಚೂರು ಕಮ್ಮಿ, ಕರಾವಳಿ ತೆಳ್ಳಗೆ. ಬಯಲುಸೀಮೆಯನ್ನ ಸಪಾಟು ಮಾಡಬೇಡಿ, ಘಟ್ಟದಿಂದ ಪೂರ್ವಕ್ಕೆ ಇಳಿಜಾರು ಬೇಕೇಬೇಕು.

ನೆರಳಲ್ಲೇ ಒಣಗಿಸಿ, ಎರಡು ಮೂರು ದಿನ ಹಿಡಿಯುತ್ತೆ. ಬಿಸಿಲಿಗಿಟ್ರೆ ಮೇಲ್ಭಾಗ ಮೊದಲು ಒಣಗಿ ಸೀಳುತ್ತೆ. ಬಣ್ಣ ಹಚ್ಚಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್, ಇಲ್ಲದಿದ್ರೆ ಮಳೆಗಾಲದಲ್ಲಿ ಉಪ್ಪು ತೇವ ಎಳೆದು ಜಿಗುಟಾಗುತ್ತೆ.

ಕೋಟ್ ಪೂರ್ತಿ ಒಣಗಿದ ಮೇಲೆ ಘಟ್ಟದ ನೆತ್ತಿಗೆ ಚಮಚದಲ್ಲಿ ನೀರು ಬಿಡಿಸಿ, ಕೂಡಲೇ ಒರೆಸಿ. ಒಂದು ಪಾಲು ಪಶ್ಚಿಮಕ್ಕೆ ಧುಮುಕುತ್ತೆ, ಶರಾವತಿ ಜೋಗದಲ್ಲಿ 253 ಮೀಟರ್ ಬೀಳೋ ಹಾಗೆ. ಇನ್ನೊಂದು ಪಾಲು ಪೂರ್ವಕ್ಕೆ, ತಲಕಾವೇರಿಯಿಂದ ಹೊರಟ ಕಾವೇರಿ ಥರ. ಸಮುದ್ರ ಪಶ್ಚಿಮದಲ್ಲಿ ಇಷ್ಟು ಹತ್ತಿರ ಇದ್ರೂ ಕಾವೇರಿ ಯಾಕೆ ಆ ಕಡೆ ಹೋಗ್ಲಿಲ್ಲ ಅಂತ ಅವರೇ ಕೇಳ್ತಾರೆ. ಕೃಷ್ಣೆ ಮಹಾರಾಷ್ಟ್ರದಿಂದ ಬರ್ತಾಳೆ, ತುಂಗಾ-ಭದ್ರಾ ಕೂಡಲಿಯಲ್ಲಿ ಸೇರ್ತಾರೆ, ನೂಲು ಅಂಟಿಸಿ ತೋರಿಸಿ.

ಇತಿಹಾಸಕ್ಕೆ ಗೋಡೆ ಮೇಲೆ ದಾರ, ನೂರು ವರ್ಷಕ್ಕೆ 10 ಸೆಂ.ಮೀ. ಒಂದೇ ದಾರ ಕಟ್ಟಿದ್ರೆ ಒಬ್ಬ ರಾಜ ಮುಗಿದ ಮೇಲೇ ಇನ್ನೊಬ್ಬ ಬಂದ ಅಂದ್ಕೋತಾರೆ. ಎರಡು ಕಟ್ಟಿ, ಮೇಲಿನದು ಉತ್ತರದ ರಾಜರಿಗೆ, ಕೆಳಗಿನದು ದಕ್ಷಿಣದವರಿಗೆ. ವಿಜಯನಗರ 1336, ಕಲಬುರಗಿಯ ಬಹಮನಿ 1347, ಒಂದರ ಕೆಳಗೊಂದು ಬಂದಾಗ ಜಗಳ ಯಾಕೆ ಅಂತ ಅರ್ಥ ಆಗುತ್ತೆ. ಇಬ್ಬರೂ ಕಿತ್ತಾಡಿದ, ಕೃಷ್ಣಾ-ತುಂಗಭದ್ರಾ ನಡುವಿನ ರಾಯಚೂರು ದೋಆಬ್ ನಕ್ಷೆಯಲ್ಲಿ ಎದುರಿಗೇ ಇರುತ್ತೆ. ರಾಜರ ಪೂರ್ತಿ ಪಟ್ಟಿ ಈ ವಯಸ್ಸಿಗೆ ಬೇಡವೇ ಬೇಡ.

ಆಮೇಲೆ ನಕ್ಷೆ ಮೇಲೆ ಬಟರ್ ಪೇಪರ್ ಹಾಕಿ, ಏಕೀಕರಣಕ್ಕೆ ಮುಂಚಿನ ಐದು ಭಾಗಗಳಿಗೆ ಐದು ಬಣ್ಣ: ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು. ಪೇಪರ್ ಎತ್ತಿದ್ರೆ ಎಲ್ಲಾ ಸೇರಿ ಒಂದೇ ರಾಜ್ಯವಾದ 1956ರ ನವೆಂಬರ್ 1. ಕರ್ನಾಟಕ ಅನ್ನೋ ಹೆಸರು 1973ರಲ್ಲಿ ಬಂತು, ಆ ತಾರೀಖೂ ನವೆಂಬರ್ 1 ಆದ್ದರಿಂದ ಮಕ್ಕಳು ಎರಡನ್ನೂ ಕಲಸಿಬಿಡ್ತಾರೆ, ದಾರದ ಮೇಲೆ ಬೇರೆ ಬೇರೆ ಚೀಟಿ ಕಟ್ಟಿ.

ಜಿಲ್ಲೆಗಳನ್ನ ಆಮೇಲೆ ನದಿ ಹಿಡಿದು ಹೇಳಿಸಿ. ನಿಮ್ಮ ಮ್ಯಾಪ್ 2021ಕ್ಕಿಂತ ಹಳೇದಾದ್ರೆ ವಿಜಯನಗರ ಜಿಲ್ಲೆ ಬಳ್ಳಾರಿಯೊಳಗೇ ಇರುತ್ತೆ, ಒಮ್ಮೆ ನೋಡ್ಕೊಳ್ಳಿ.